ಮಿಕ್ಕ ಬೋಲ್ಟು, ಒಂಟಿ ಸೀನು

ಐದು ಕಿಲೋ ಎಂದರೆ ಎಷ್ಟು ಎಂಬುದು ನನಗೆ ಗೊತ್ತಿದೆ ಎಂದೇ ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ? ಐದು ಕಿಲೋ ಬೆಲ್ಲವನ್ನು ಕಂಪ್ಲಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೇನೆ. ಐದು ಕಿಲೋದ ಗುಂಡುಗಳನ್ನು ಕರಿಹಲಗೆಯ ಮೇಲೆ ನೂರಾರು ಸಲ ಎತ್ತರದಿಂದ ಬೀಳಿಸಿದ್ದೇನೆ. ಅವು ಸದ್ದಿಲ್ಲದೆ ಬಿದ್ದು, ಸರಿಯಾದ ಉತ್ತರ ಕೊಟ್ಟು, ಡಸ್ಟರಿಗೆ ಅಳಿಸಿಹೋಗುತ್ತಿದ್ದವು. ಆದರೆ ಐದು ಕಿಲೋ ನಿಜವಾಗಿ ಎಷ್ಟು ಎಂಬುದು ತಿಳಿದದ್ದು ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ, ಹಾಡಹಗಲು ಹನ್ನೊಂದು ಗಂಟೆಗೆ, ನನ್ನ ಹೆಂಡತಿಯ ಸೋದರಮಾವನ ಬಲಗಾಲಿನ ಹೆಬ್ಬೆರಳಿನಿಂದ ನಾಲ್ಕೇ ಬೆರಳು ದೂರದಲ್ಲಿ. ಆ ಸದ್ದು ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ಈಗಲೂ ಪಾಠದ ಮಧ್ಯೆ "ಒಂದು ವಸ್ತು ಮೇಲಿನಿಂದ ಬೀಳುತ್ತಿದೆ ಎಂದು ಭಾವಿಸಿ" ಎನ್ನಬೇಕಾದಾಗ ನನ್ನ ಎರಡೂ ಕಾಲುಗಳು ನನ್ನನ್ನು ಕೇಳದೆಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತವೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ, ಹೊಸಪೇಟೆಯ ಮೂಲಕ ಹಾದು, ಯಾವುದೋ ದೇಶಕ್ಕೆ ಹೋಗುತ್ತಿದ್ದವು. ಹೋಗುವಾಗ ಪ್ರತಿ ಮನೆಗೂ ತಮ್ಮ ನೆನಪಿಗೆಂದು ಒಂದಿಷ್ಟು ಕೆಂಪು ಧೂಳನ್ನು ಕೊಟ್ಟು ಹೋಗುತ್ತಿದ್ದವು. ಬಿಳಿ ಅಂಗಿ ಹೊಲಿಸುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ನಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಎಂದೋ ದಾನ ಕೊಟ್ಟ ಹಳೆಯ ದೂರದರ್ಶಕವೊಂದಿತ್ತು. ಅದರ ಕೊಳವೆಗೆ, ಗಾಜಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಅದರ ಮೌಂಟು. ಮೌಂಟು ಎಂದರೆ ಮೂರು ಕಾಲಿನ ಸ್ಟ್ಯಾಂಡಿಗೂ ಕೊಳವೆಗೂ ನಡುವೆ ಇರುವ ಕಬ್ಬಿಣದ ಕತ್ತು. ಆಕಾಶ ತಿರುಗಿದಂತೆ ಕೊಳವೆಯನ್ನೂ ಮೆಲ್ಲಗೆ ತಿರುಗಿಸುವುದು ಅದರ ಕೆಲಸ. ಅದರ ಒಂದು ಬದಿಗೆ ಕೊಳವೆ, ಇನ್ನೊಂದು ಬದಿಗೆ ಒಂದು ಕಂಬಿ, ಆ ಕಂಬಿಗೆ ತೂರಿಸಿದ ಐದು ಕಿಲೋದ ಗುಂಡು. ನೀರೆತ್ತುವ ಏತದ ಹಿಂಬದಿಗೆ ಕಲ್ಲು ಕಟ್ಟುತ್ತಾರಲ್ಲ, ಹಾಗೆ. ವರ್ಷಗಟ್ಟಲೆ ಧೂಳು ಕುಡಿದು ಒಳಗಿನ ಗ್ರೀಸು ಹಳೆಯ ಹುಣಸೆಹಣ್ಣಿನಂತೆ ಕಪ್ಪಾಗಿ ಗಟ್ಟಿಯಾಗಿ, ಆ ಕತ್ತು ಅಲುಗಾಡುವುದನ್ನೇ ಬಿಟ್ಟಿತ್ತು. "ನನ್ನ ಸ್ವಂತ ಜವಾಬ್ದಾರಿಯಲ್ಲಿ ಮನೆಗೆ ಒಯ್ದು ದುರಸ್ತಿ ಮಾಡಿ ತರುತ್ತೇನೆ" ಎಂದು ನಾನು ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ. ಮನೆಯ ಫ್ಯೂಸು ಹೋದರೆ ಮೇಣದಬತ್ತಿ ಹಚ್ಚುವುದೇ ದುರಸ್ತಿ ಎಂದುಕೊಂಡಿದ್ದ ಮನುಷ್ಯ ಹೀಗೇಕೆ ಬರೆದುಕೊಟ್ಟ ಎಂದು ಕೇಳಿದರೆ, ಭೀಮಾಚಾರ್ಯರ ವಿಷಯ ಹೇಳಬೇಕಾಗುತ್ತದೆ.

ಭೀಮಾಚಾರ್ಯರು ನನ್ನ ಹೆಂಡತಿ ಪದ್ಮಾಳ ಸೋದರಮಾವ. ಹಂಪಿಯಲ್ಲಿ ವಾಸ. ಎಪ್ಪತ್ತೆಂಟರ ಪ್ರಾಯ. ಪಂಚಾಂಗ ನೋಡಿ ಮುಹೂರ್ತ ಇಟ್ಟುಕೊಡುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಅವರ ಮಾತೇ ಕೊನೆ. ಶುಕ್ರಗ್ರಹ ಸೂರ್ಯನಿಗೆ ತೀರ ಹತ್ತಿರ ಹೋಗಿ ಕಣ್ಣಿಗೆ ಕಾಣದಂತಾದರೆ ಅದಕ್ಕೆ ಶುಕ್ರಾಸ್ತ ಎನ್ನುತ್ತಾರೆ. ಆಗ ಮದುವೆ ಮಾಡುವಂತಿಲ್ಲ. ನನ್ನ ಮದುವೆ ನಿಶ್ಚಯವಾದ ವರ್ಷ ಇವರು ಕನ್ನಡಕ ಏರಿಸಿ ಪಂಚಾಂಗ ತೆರೆದು, "ಶುಕ್ರಾಸ್ತ ಅದ" ಎಂದರು. ಶುಕ್ರ ಹೊರಗೆ ಬರುವಷ್ಟರಲ್ಲಿ ಆಷಾಢ ಬಂತು. ಅದು ಮುಗಿಯುವಷ್ಟರಲ್ಲಿ ಇನ್ನೇನೋ ಬಂತು. ನಾಲ್ಕು ತಿಂಗಳು ನಾನು ಹೊಲಿಸಿದ ಸೂಟನ್ನು ವಾರಕ್ಕೊಮ್ಮೆ ತೆಗೆದು ನೋಡಿ ಮತ್ತೆ ಮಡಚಿ ಇಟ್ಟಿದ್ದೇನೆ. ಹಾಗಾಗಿ ಶುಕ್ರನ ಮೇಲೆ ನನಗೊಂದು ವೈಯಕ್ತಿಕ ಹಗೆಯಿತ್ತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಈ ಅದಿರಿನ ಕಾಲದ ಜೂನ್ ತಿಂಗಳಲ್ಲಿ ಆ ಮಹಾಶಯ ಸೂರ್ಯನ ಮುಂದಿನಿಂದಲೇ ಹಾದುಹೋಗಲಿದ್ದಾನೆ ಎಂದು ಗೊತ್ತಾದಾಗ ಆಚಾರ್ಯರ ಮುಂದೆ ಎದೆಯುಬ್ಬಿಸಿ ಹೇಳಿದೆ: "ಮಾಮಾ, ಅಸ್ತ ಆದ ಶುಕ್ರನ್ನ ನಿಮಗ ತೋರಸ್ತೀನಿ."

"ಕಾಣಸಂಗಿಲ್ಲಂತನ ಅದಕ್ಕ ಅಸ್ತ ಅಂತಾರ ಅಳಿಯಂದಿರ," ಎಂದು ಅವರು ನಕ್ಕರು.

"ಈ ಸಲ ಕಾಣಸ್ತಾನ. ಹಗಲ ಹೊತ್ತಿನ್ಯಾಗ, ಸೂರ್ಯನ ಮೈಮ್ಯಾಲ ಕರೀ ಚುಕ್ಕಿ ಆಗಿ. ಇದು ತಪ್ಪಿದ್ರ ಮತ್ತ ಎಂಟು ವರ್ಷಕ್ಕ."

ಆಚಾರ್ಯರ ನಗು ನಿಂತಿತು. "ಎಂಟು ವರ್ಷಕ್ಕ ನಂದ ಅಸ್ತ ಆಗಿರ್ತದ," ಎಂದರು. ಆಮೇಲೆ, "ಐವತ್ತು ವರ್ಷ ಆತು, ಅಂವ ಇಲ್ಲ ಇಲ್ಲ ಅಂತ ಬರದುಕೊಟ್ಟು ಮಂದಿ ಮದುವಿ ನಿಂದರಿಸೀನಿ. ಇಲ್ಲದಾಗ ಎಲ್ಲಿರ್ತಾನ ಅಂತ ಒಮ್ಮೆರ ನೋಡಬೇಕು. ತೋರಸ್ರಿ," ಎಂದರು. ಹೇಳಿದ ರೀತಿ ನೋಡಿದರೆ, ನಾಲ್ಕು ತಿಂಗಳ ನನ್ನ ಹಗೆಗಿಂತ ಐವತ್ತು ವರ್ಷದ ಅವರ ಆಸೆ ದೊಡ್ಡದು ಎಂದು ಗೊತ್ತಾಗುತ್ತಿತ್ತು. ಅದಕ್ಕೇ ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ.

ಇಲ್ಲಿ ಆಚಾರ್ಯರ ಇನ್ನೊಂದು ನಿಯಮವನ್ನೂ ಹೇಳಿಬಿಡುತ್ತೇನೆ. ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಅವರು ಎತ್ತಿದ ಕಾಲನ್ನು ಮುಂದೆ ಇಡುತ್ತಿರಲಿಲ್ಲ. ಹಿಂದೆ ಇಟ್ಟು, ಕುಳಿತು, ನೀರು ಕುಡಿದು, ಆಮೇಲೆ ಹೊರಡುವುದು. ಆದರೆ ಬೆನ್ನಿಗೇ ಎರಡನೆಯ ಸೀನು ಬಂದರೆ ಮೊದಲನೆಯದು ರದ್ದು, ಧಾರಾಳವಾಗಿ ಹೋಗಬಹುದು. ಹಂಪಿಯಲ್ಲಿ ಇದರಿಂದ ತೊಂದರೆ ಇರಲಿಲ್ಲ. ಹೊಸಪೇಟೆಗೆ ಬಂದರೆ ಧೂಳಿನ ದೆಸೆಯಿಂದ ಊರಿಗೆ ಊರೇ ಸೀನುತ್ತಿತ್ತು. ಒಮ್ಮೆ ಬಸ್ ನಿಲ್ದಾಣದಲ್ಲಿ ಹಂಪಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಯಾರೋ ಸೀನಿ, ಇವರು ಕೆಳಗಿಳಿದು, ಎರಡನೆಯದು ಬಂದು, ಇವರು ಹತ್ತಿ, ಮತ್ಯಾರೋ ಸೀನಿ ಇವರು ಇಳಿದು, ಕಂಡಕ್ಟರು ಕೈಮುಗಿದು, "ಅಜ್ಜಾರ, ಸೀನೋದೆಲ್ಲ ಮುಗದ ಮ್ಯಾಲ ಮುಂದಿನ ಬಸ್ಸಿಗೆ ಬರ್ರಿ," ಎಂದು ಸೀಟಿ ಊದಿಬಿಟ್ಟನಂತೆ. ಈ ಕಥೆಯನ್ನು ನಾನು ತರಗತಿಯಲ್ಲಿ ಮೂಢನಂಬಿಕೆಗೆ ಉದಾಹರಣೆಯಾಗಿ ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ.

ಸರಿ, ಮೌಂಟು ಮನೆಗೆ ಬಂತು. ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಪದ್ಮಾಳ ಕಣ್ಣು ತಪ್ಪಿಸಿ ತಂದ ಎರಡು ಊಟದ ತಟ್ಟೆ ಇಟ್ಟುಕೊಂಡು ಕುಳಿತೆ. ಮೂರು ದಿನದಲ್ಲಿ ನಾನು ಬಿಚ್ಚಿದ್ದು ಎರಡು ಸ್ಕ್ರೂ. ಅವುಗಳಲ್ಲಿ ಒಂದು ಮೌಂಟಿನದು, ಇನ್ನೊಂದು ಸ್ಕ್ರೂಡ್ರೈವರಿನ ಹಿಡಿಕೆಯದು. ನಾಲ್ಕನೆಯ ದಿನ ಪದ್ಮಾ ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಬಂದು ನಿಂತಳು. "ಅಲ್ರೀ, ಅದು ಬಿಚ್ಚಲಿಕ್ಕೆ ಬರಂಗಿಲ್ಲಂತ ಅದಕ್ಕ ಗೊತ್ತಾಗೇದ, ನನಗ ಗೊತ್ತಾಗೇದ, ನಿಮಗ ಯಾವಾಗ ಗೊತ್ತಾಗ್ತದ? ಸೀಮೆಎಣ್ಣಿ ವಾಸನಿಗೆ ಚಪಾತಿ ಸಹಿತ ಉಬ್ಬವಲ್ಲವು. ಯಾರರ ಬಲ್ಲವರನ್ನ ಕರೀರಿ."

ಬಲ್ಲವರು ಎಂದರೆ ಆ ಕಾಲದ ಹೊಸಪೇಟೆಯಲ್ಲಿ ಲಾರಿ ಮೆಕ್ಯಾನಿಕ್ಕುಗಳು. ಸಂಡೂರು ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಹುಲುಗಪ್ಪ ಅದಿರಿನ ಟಿಪ್ಪರುಗಳ ವೈದ್ಯ. ಅವನ ಅಂಗಳದಲ್ಲಿ ಯಾವಾಗಲೂ ಏಳೆಂಟು ಗಾಡಿಗಳು ಬಾಯಿ ತೆರೆದುಕೊಂಡು ಸರದಿ ಕಾಯುತ್ತಿದ್ದವು. ಅಂಥವನು ನನ್ನ ಮಾತು ಕೇಳಿ, "ಚುಕ್ಕಿ ನೋಡೋ ಗಾಡಿ? ಬಿಡ್ರಿ ಸರ, ಟಿಪ್ಪರ್ ನೋಡಿ ನೋಡಿ ಬ್ಯಾಸರಾಗೈತಿ," ಎಂದು ಭಾನುವಾರ ಮನೆಗೇ ಬಂದ. ಪತ್ರಿಕೆಯ ಮೇಲಿನ ಮೌಂಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂದು ಕಡೆ ಕಿವಿ ಇಟ್ಟು, ಇನ್ನೊಂದು ಕಡೆ ಸುತ್ತಿಗೆಯಿಂದ ಒಂದೇ ಏಟು ಕೊಟ್ಟ. ಮೂರು ದಿನ ನನ್ನ ಎದುರು ಹಟ ಹಿಡಿದು ಕುಳಿತಿದ್ದ ಯಂತ್ರ ಸಭ್ಯರ ಮನೆಯ ಮಗುವಿನಂತೆ ಬಿಚ್ಚಿಕೊಂಡಿತು. ಒಳಗಿನಿಂದ ಬಂದ ಧೂಳನ್ನು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೇ ಮಾಲ್ ಐತಿ ಸರ, ಇದನ್ನೂ ಲೋಡ್ ಮಾಡಿ ಕಳಸಬಹುದು," ಎಂದ. ಪದ್ಮಾ ಅವನಿಗೆ ಚಹಾ, ಮಿರ್ಚಿ ಭಜಿ ಕೊಟ್ಟಳು. ಮೂರು ದಿನದಿಂದ ನನಗೆ ಬರೀ ಚಹಾ ಬರುತ್ತಿತ್ತು.

ಹುಲುಗಪ್ಪನ ಕಸುಬಿನಲ್ಲಿ ಎರಡು ಸಿದ್ಧಾಂತಗಳಿದ್ದವು. ಮೊದಲನೆಯದು ಗ್ರೀಸಿನದು. "ತಿರುಗೋದಕ್ಕೂ ಗ್ರೀಸ್ ಹಚ್ಚಬೇಕು, ತಿರುಗದ್ದಕ್ಕೂ ಹಚ್ಚಬೇಕು ಸರ. ಮುಂದ ಅದು ತಿರುಗಬೇಕಂದ್ರ?" ಎಂದು ಲಾರಿ ಗ್ರೀಸನ್ನು ಅಂಗೈ ತುಂಬ ತೆಗೆದು ಹಲ್ಲುಚಕ್ರಗಳಿಗೆ ಹಚ್ಚಿದ, ಬೇರಿಂಗಿಗೆ ಹಚ್ಚಿದ, ಕೊನೆಗೆ ಉಳಿದದ್ದನ್ನು ವ್ಯರ್ಥ ಮಾಡಬಾರದೆಂದು ಗುಂಡು ತೂರಿಸುವ ಕಂಬಿಗೂ ಮೇಲಿನಿಂದ ಕೆಳಗಿನವರೆಗೆ ನೀವಿದ. ಮದುಮಗನಿಗೆ ಎಣ್ಣೆ ಹಚ್ಚಿದಂತೆ ಕಂಬಿ ಮಿರಮಿರ ಮಿಂಚಿತು. ನನಗೂ ಅದು ಚೆನ್ನಾಗಿಯೇ ಕಂಡಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸಿದ್ಧಾಂತ ಮಿಕ್ಕ ಸಾಮಾನಿನದು. ಎಲ್ಲ ಜೋಡಿಸಿದ ಮೇಲೆ ಪತ್ರಿಕೆಯ ಮೇಲೆ ಒಂದು ಬೋಲ್ಟು ಉಳಿದಿತ್ತು. ಹೆಬ್ಬೆರಳ ಗಾತ್ರ, ಅಗಲವಾದ ತಲೆ, ನೋಡಲು ಲಕ್ಷಣವಾಗಿತ್ತು. "ಇದು ಆ ಕಂಬಿ ತುದಿಗೆ ಇತ್ತಲ್ಲ?" ಎಂದೆ.

"ಇತ್ರಿ. ಆದ್ರ ಅದು ಏನು ಹಿಡದಿತ್ತು ಹೇಳ್ರಿ? ಗುಂಡನ್ನ ಹಿಡಿಯಾಕ ಅದರ ಬದಿಗೆ ಬ್ಯಾರೆ ತಿರುಪು ಐತಿ. ಇದು ತುದಿಗೆ ಸುಮ್ಮ ಕುಂತಿತ್ತು. ಹಳೇ ಗಾಡಿ ಬಿಚ್ಚಿ ಕಟ್ಟಿದ ಮ್ಯಾಲ ಒಂದು ಬೋಲ್ಟ್ ಉಳೀಲಿಲ್ಲಂದ್ರ ಆ ಕೆಲಸ ಸರಿ ಆಗಿಲ್ಲಂತ ತಿಳೀರಿ. ಕಂಪನಿಯವರು ಒಂದೆರಡು ಹೆಚ್ಚಿಗಿನೇ ಹಾಕಿರ್ತಾರ."

ಇಲ್ಲಿ ಒಬ್ಬ ಅವಿದ್ಯಾವಂತನಿದ್ದರೆ "ಇರಲಿ ಬಿಡಪ್ಪ, ಇದ್ದಲ್ಲೇ ಹಾಕು" ಎನ್ನುತ್ತಿದ್ದ. ನಾನು ಓದಿದವನು. ಪತ್ರಿಕೆಯ ಅಂಚಿನಲ್ಲೇ ಚಿತ್ರ ಬರೆದು, ಬಾಣ ಹಾಕಿ, ಬಲಗಳನ್ನು ಕೂಡಿಸಿ ಕಳೆದು, ಆ ಬೋಲ್ಟಿನ ಮೇಲೆ ಬೀಳುವ ಬಲ ಶೂನ್ಯ ಎಂದು ಸಾಧಿಸಿದೆ. ಶೂನ್ಯದ ಕೆಳಗೆ ಎರಡು ಗೆರೆಯನ್ನೂ ಎಳೆದೆ. ಹುಲುಗಪ್ಪ ಅದನ್ನು ನೋಡಿ, "ನಾ ಹೇಳಿದ್ದನ್ನ ಇಂಗ್ಲೀಷಿನ್ಯಾಗ ಬರದೀರಿ," ಎಂದ. ಪದ್ಮಾಳ ಒಗ್ಗರಣೆ ಡಬ್ಬಿಯ ಮುಚ್ಚಳದ ಹಿಡಿ ಮುರಿದು ತಿಂಗಳಾಗಿತ್ತು. ತಂದುಕೊಡಿ ಎಂದು ದಿನಾ ಹೇಳಿ ಅವಳೂ ಸೋತಿದ್ದಳು. ಹುಲುಗಪ್ಪ ಜೇಬಿನಿಂದ ಒಂದು ನಟ್ಟು ತೆಗೆದು ಆ ಬೋಲ್ಟನ್ನೇ ಮುಚ್ಚಳಕ್ಕೆ ಕೂಡಿಸಿದ. ಹೇಳಿ ಮಾಡಿಸಿದ ಹಾಗೆ ಕುಳಿತಿತು. "ನೋಡ್ರಿ ಅಕ್ಕಾರ, ಈಗ ಅದಕ್ಕೊಂದು ಕೆಲಸ ಸಿಕ್ತು," ಎಂದ. ಈ ಮನೆಗೆ ದೂರದರ್ಶಕ ಬಂದದ್ದರಿಂದ ಆದ ಮೊದಲ ಉಪಯೋಗ ಇದು ಎಂದು ಪದ್ಮಾ ಅಂದಳು.

ಶುಕ್ರನ ದಿನ ಬಂತು. ಬೆಳಿಗ್ಗೆ ಮೋಡ ಇತ್ತು, ಹತ್ತರ ಹೊತ್ತಿಗೆ ಸರಿಯಿತು. ಮಾಳಿಗೆಯ ಮೇಲೆ ಮೂರು ಕಾಲು ಊರಿ, ಮೌಂಟು ಕೂಡಿಸಿ, ಕೊಳವೆ ಏರಿಸಿ, ಗುಂಡು ತೂರಿಸಿ ತಿರುಪು ಬಿಗಿದೆ. ಸೂರ್ಯನನ್ನು ಯಾರೂ ಕೊಳವೆಯೊಳಗೆ ನೇರ ನೋಡುವಂತಿರಲಿಲ್ಲ, ನೋಡಿದರೆ ಕಣ್ಣೇ ಹೋದೀತು. ಆದ್ದರಿಂದ ಕಣ್ಣಿಡುವ ತುದಿಯ ಹಿಂದೆ ಬಿಳಿ ರಟ್ಟು ಕಟ್ಟಿ ಬಿಂಬ ಅದರ ಮೇಲೆ ಬೀಳುವಂತೆ ಮಾಡಿದ್ದೆ. ಕಣ್ಣಿನ ಅಪಾಯದ ಬಗ್ಗೆ ನಾನು ಎಷ್ಟು ಎಚ್ಚರ ವಹಿಸಿದ್ದೆ ಎಂದರೆ, ಕಾಲಿನ ಅಪಾಯದ ನೆನಪೇ ಬರಲಿಲ್ಲ. ಹುಲುಗಪ್ಪ ಕೆಲಸ ಬಿಟ್ಟು ಬಂದಿದ್ದ. "ಗಾಡಿ ಡೆಲಿವರಿ ದಿನ ನಾ ಇರಬೇಕ್ರಿ," ಎಂದು ಸ್ಟ್ಯಾಂಡಿನ ಕಾಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಅಷ್ಟರಲ್ಲಿ ಆಚಾರ್ಯರು ಬಂದರು. ಹಂಪಿಯಲ್ಲೇ ಸ್ನಾನ, ಪೂಜೆ ಮುಗಿಸಿ, ಹಣೆಯ ಮೇಲೆ ಕರಿಯ ಅಂಗಾರದ ಗೆರೆಯನ್ನು ಉದ್ದಕ್ಕೆ ಎಳೆದುಕೊಂಡು ಬಂದಿದ್ದರು. ಹೋಗುವುದು ಒಬ್ಬ ಗ್ರಹದ ದರ್ಶನಕ್ಕೆ ಎಂದು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬರಿಗಾಲಲ್ಲಿ ಮಾಳಿಗೆ ಹತ್ತಿದರು.

ಇಲ್ಲಿಂದ ಮುಂದಿನ ಮೂರು ಸೆಕೆಂಡುಗಳನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆ ಎಂದರೆ, ಅವು ಈಗ ಮೂರು ತಾಸಿನಷ್ಟು ಉದ್ದವಾಗಿವೆ. ಆಚಾರ್ಯರು ರಟ್ಟಿನ ಕಡೆ ನೋಡುತ್ತ ಮೌಂಟಿನ ಹತ್ತಿರ ಬಂದರು. ಬಲಗಾಲು ಎತ್ತಿದರು. ಅವರ ಹಿಂದೆ ನೀರಿನ ತಂಬಿಗೆ ಹಿಡಿದು ಬರುತ್ತಿದ್ದ ಪದ್ಮಾ ಸೀನಿದಳು. ಒಂದೇ ಸೀನು. ಆಚಾರ್ಯರ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಎರಡನೆಯದು ಬರುತ್ತದೇನೋ ಎಂದು ಕಿವಿಗೊಟ್ಟರು. ಬರಲಿಲ್ಲ. ಕಾಲನ್ನು ಹಿಂದಕ್ಕೆ ಇಟ್ಟರು. ಅದೇ ಕ್ಷಣ ಗುಂಡು ಕಂಬಿಯ ಮೇಲಿನಿಂದ, ಬೆಣ್ಣೆಯ ಮೇಲೆ ಜಾರಿದಂತೆ ಸುಯ್ಯೆಂದು ಜಾರಿ, ತುದಿಯಲ್ಲಿ ತಡೆಯುವವರು ಯಾರೂ ಇಲ್ಲದ್ದರಿಂದ ಕೆಳಗಿಳಿದು, ಅವರ ಕಾಲು ಇರಬೇಕಾಗಿದ್ದ ಜಾಗದಲ್ಲೇ ಧಡ್ ಎಂದು ಕುಳಿತಿತು. ಗಚ್ಚು ಒಡೆದು ಬೋಗುಣಿಯಷ್ಟು ಕುಳಿ ಬಿತ್ತು. ತೂಕ ತಪ್ಪಿದ ಕೊಳವೆ ಒಂದು ಕಡೆ ಕುಸಿಯಿತು, ಬರಿಯ ಕಂಬಿ ಇನ್ನೊಂದು ಕಡೆ ರೈಲ್ವೆ ಗೇಟಿನಂತೆ ಸರ್ರನೆ ಮೇಲೆದ್ದು ಆಚಾರ್ಯರ ಮೂಗಿನ ಮುಂದಿನಿಂದ ಹಾದು ಹಣೆಯನ್ನು ಮೃದುವಾಗಿ ಸವರಿಕೊಂಡು ಹೋಯಿತು. ಹುಲುಗಪ್ಪ ಜಿಗಿದು, ಬೀಳುವ ಕೂಸನ್ನು ಹಿಡಿದಂತೆ ಕೊಳವೆಯನ್ನು ಎರಡೂ ತೋಳಲ್ಲಿ ಅಪ್ಪಿಕೊಂಡ. ನಾನು ಏನು ಮಾಡಿದೆ ಎಂದು ಕೇಳಬೇಡಿ. ನಾನು ಪ್ರತ್ಯಕ್ಷ ಸಾಕ್ಷಿ. ಸಾಕ್ಷಿಗಳು ಏನೂ ಮಾಡುವುದಿಲ್ಲ.

ಆಚಾರ್ಯರ ಹಣೆಯ ಮೇಲೆ ಅಂಗಾರದ ಪಕ್ಕದಲ್ಲೇ, ಅದೇ ಅಳತೆಯಲ್ಲಿ, ಲಾರಿ ಗ್ರೀಸಿನ ಎರಡನೆಯ ಅಂಗಾರ ಮೂಡಿತ್ತು. ಕೈಯಲ್ಲಿ ಹಚ್ಚಿದರೂ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ. ಅವರು ಕುಳಿಯನ್ನು ನೋಡಿದರು, ತಮ್ಮ ಹೆಬ್ಬೆರಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಳಿಯಂದಿರ, ನಿಮ್ಮ ಶುಕ್ರ ಇವನ ಏನು?"

"ಅಲ್ಲ ಮಾಮಾ, ಇದು ಬರೀ ತೂಕದ ಗುಂಡು," ಎಂದೆ. ನನ್ನ ಧ್ವನಿ ಪಕ್ಕದ ಮನೆಯಿಂದ ಬಂದಂತಿತ್ತು.

ಪದ್ಮಾ ತಂಬಿಗೆ ಕೆಳಗಿಟ್ಟು ಗೋಡೆ ಹಿಡಿದು ಕುಳಿತಳು. "ಎರಡನೇದು ಬರೂದಿತ್ರೀ. ಇಲ್ಲೇ ಮೂಗಿನ ತುದಿಗೆ ಬಂದಿತ್ತು. ಆ ಸಪ್ಪಳಕ್ಕ ಹೆದರಿ ವಾಪಸ್ ಹೋತು," ಎಂದಳು. ಎರಡನೆಯ ಸೀನು ಒಂದು ಚೂರು ಬೇಗ ಬಂದಿದ್ದರೆ ಮೊದಲನೆಯದು ರದ್ದಾಗಿ, ಆಚಾರ್ಯರು ಧಾರಾಳವಾಗಿ ಕಾಲಿಡುತ್ತಿದ್ದರು. ಎಪ್ಪತ್ತೆಂಟು ವರ್ಷದ ಒಂದು ಪಾದ ಉಳಿದದ್ದು ನನ್ನ ಹೆಂಡತಿಯ ಎರಡು ಸೀನುಗಳ ನಡುವಿನ ಸಂದಿಯಲ್ಲಿ. ನನ್ನ ಲೆಕ್ಕದ ಶೂನ್ಯ, ಕೆಳಗಿನ ಎರಡು ಗೆರೆಗಳ ಸಮೇತ, ಕಣ್ಣ ಮುಂದೆ ಬಂದು ನಿಂತಿತು. ಬಲ ಶೂನ್ಯ, ನಿಜ. ಗುಂಡು ಜಾರುವವರೆಗೆ ಶೂನ್ಯ. ಆ ಬೋಲ್ಟು ಅಲ್ಲಿ ಕುಳಿತಿದ್ದದ್ದೇ ಎಂದಾದರೂ ಒಂದು ದಿನ ಬದಿಯ ತಿರುಪು ಕೈಕೊಟ್ಟರೆ ಯಾರದಾದರೂ ಕಾಲು ಉಳಿಯಲಿ ಎಂದು.

"ಮಾಮಾ, ಇವತ್ತಿಗೆ ಬ್ಯಾಡ. ಬಿಚ್ಚಿಬಿಡ್ತೀನಿ," ಎಂದೆ.

"ಯಾಕ? ಒಂಟಿ ಸೀನಿಗೆ ಏನು ಮಾಡಬೇಕೋ ಅದನ್ನ ಮಾಡಿದ್ರಾತು," ಎಂದು ಆಚಾರ್ಯರು ಕುಳಿಯ ಪಕ್ಕದಲ್ಲೇ ಕುಳಿತು, ಪದ್ಮಾ ಕೆಳಗಿಟ್ಟಿದ್ದ ತಂಬಿಗೆ ತೆಗೆದುಕೊಂಡು ಮೂರು ಗುಟುಕು ನೀರು ಕುಡಿದರು. "ಎಷ್ಟೊತ್ತನಕ ಇರ್ತಾನ ಅಂವ?"

"ಸಂಜಿ ಐದರ ಸುಮಾರಿನ ತನಕ."

"ಹಂಗಾದ್ರ ನಾ ಕೂತೀನಿ. ಎಂಟು ವರ್ಷ ಕಾಯಲಿಕ್ಕೆ ಆಗೂದಿಲ್ಲ, ಐದರ ತನಕ ಆಗ್ತದ."

ಹುಲುಗಪ್ಪ ಕಂಬಿಯನ್ನು ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕಿದ. ತನ್ನ ಗ್ರೀಸನ್ನು ತಾನೇ ತೆಗೆಯುವಾಗ ಅವನ ಮುಖ ನೋಡುವಂತಿರಲಿಲ್ಲ. ಪದ್ಮಾ ಕೆಳಗೆ ಹೋಗಿ ಮುಚ್ಚಳದ ಹಿಡಿ ಬಿಚ್ಚಿ ತಂದಳು. ಬೋಲ್ಟಿಗೆ ಆಗಲೇ ಇಂಗಿನ ವಾಸನೆ ಹತ್ತಿತ್ತು. ಗುಂಡು ತೂರಿಸಿದೆವು, ತಿರುಪು ಬಿಗಿದೆವು, ಬೋಲ್ಟು ಹಾಕಿದೆವು. ಹುಲುಗಪ್ಪ ಅದನ್ನು ಬಿಗಿದ, ನಾನು ಬಿಗಿದೆ, ಮತ್ತೆ ಹುಲುಗಪ್ಪ ಬಿಗಿದ. ಅಷ್ಟಾದರೂ ಯಾರೂ ಅದರ ಕೆಳಗೆ ಕಾಲಿಡಲಿಲ್ಲ.

ಕೊಳವೆ ಮೆಲ್ಲಗೆ, ಒಂದು ಚೂರೂ ಕಿರುಗುಟ್ಟದೆ ತಿರುಗಿತು. ಹಲ್ಲುಚಕ್ರದ ಮಟ್ಟಿಗೆ ಹುಲುಗಪ್ಪನ ಗ್ರೀಸು ಸರಿಯಾಗಿಯೇ ಇತ್ತು. ರಟ್ಟಿನ ಮೇಲೆ ಹಪ್ಪಳದಷ್ಟು ಅಗಲದ ಸೂರ್ಯ ಬಿದ್ದ. ಆ ಹಪ್ಪಳದ ಅಂಚಿನಿಂದ ಸ್ವಲ್ಪ ಒಳಗೆ ಒಂದು ಮೆಣಸಿನಕಾಳು. ದುಂಡಗೆ, ಕಪ್ಪಗೆ, ಅಲುಗದೆ ಇತ್ತು. ಆಚಾರ್ಯರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನಾನು ಅವರ ಕಾಲುಗಳನ್ನೇ ನೋಡುತ್ತಿದ್ದೆ.

"ಇಷ್ಟ ಏನು?" ಎಂದರು ಕೊನೆಗೆ. "ಇಷ್ಟು ಸಣ್ಣಂವ, ಎಷ್ಟು ಮಂದೀನ ಕಾಯಸ್ಯಾನ!" ಎಂದು ಎರಡೂ ಕೈ ಜೋಡಿಸಿದರು. ಕಣ್ಣು ಒದ್ದೆಯಾಗಿತ್ತೋ, ಸೀಮೆಎಣ್ಣೆಯ ವಾಸನೆಯೋ, ಹೇಳಲಾರೆ. ಆಮೇಲೆ ಪದ್ಮಾಳನ್ನು ಕರೆದು ತೋರಿಸಿದರು: "ನೋಡವ್ವ, ನಿನ್ನ ಮದುವಿ ನಾಲ್ಕು ತಿಂಗಳು ಮುಂದ ಹಾಕಿಸಿದಂವ ಇಂವನ."

ಪದ್ಮಾ ಆ ಮೆಣಸಿನಕಾಳನ್ನು ನೋಡಿದಳು, ಒಡೆದ ಗಚ್ಚನ್ನು ನೋಡಿದಳು, ನನ್ನನ್ನು ನೋಡಿದಳು. "ಪಾಪ, ಅಂವ ತಡೀಲಿಕ್ಕೆ ತನ್ನ ಕೈಲಾದಷ್ಟು ಮಾಡ್ಯಾನ ಮಾಮಾ," ಎಂದಳು.

ಕುಳಿ ಇನ್ನೂ ಮಾಳಿಗೆಯ ಮೇಲಿದೆ. ಪದ್ಮಾ ಅದರಲ್ಲಿ ಗುಬ್ಬಿಗಳಿಗೆ ನೀರು ಹಾಕಿಡುತ್ತಾಳೆ. ದೂರದರ್ಶಕ ಬೋಲ್ಟಿನ ಸಮೇತ ಕಾಲೇಜಿಗೆ ಮರಳಿತು. ಒಗ್ಗರಣೆ ಡಬ್ಬಿಯ ಮುಚ್ಚಳಕ್ಕೆ ನಾನು ಇನ್ನೂ ಹಿಡಿ ತಂದಿಲ್ಲ. ಕಾಲೇಜು ಶುರುವಾದ ಮೊದಲ ವಾರ ಪಾಠಕ್ಕೆಂದು ತರಗತಿಯ ಕಟ್ಟೆ ಹತ್ತಲು ಕಾಲೆತ್ತಿದೆ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸೀನಿದಳು. ಒಂದೇ ಸೀನು. ನನ್ನ ಕಾಲು ಗಾಳಿಯಲ್ಲಿ ನಿಂತಿತು. ಅರವತ್ತು ಮಂದಿ ನೋಡುತ್ತಿದ್ದರು. "ಚಲಿಸುವ ವಸ್ತು ನಿಲ್ಲಬೇಕಾದರೆ ಹೊರಗಿನ ಬಲ ಬೇಕು ಎಂದು ತೋರಿಸುತ್ತಿದ್ದೇನೆ," ಎಂದೆ. ಅವರು ಬರೆದುಕೊಂಡರು. ಊರು ಹೊಸಪೇಟೆಯಾದ್ದರಿಂದ ಎರಡನೆಯ ಸೀನಿಗೆ ಬಹಳ ಹೊತ್ತು ಕಾಯಬೇಕಾಗಲಿಲ್ಲ. ಬಂತು. ಆದರೂ ಕಾಲು ಕೆಳಗಿಡುವ ಮೊದಲು ತಲೆಯೆತ್ತಿ ಫ್ಯಾನಿನ ಬೋಲ್ಟನ್ನು ಒಮ್ಮೆ ನೋಡಿಕೊಂಡೆ.